‘ವೀಟೋ’ ಎಂಬ ಎರಡಕ್ಷರ

ವೃತ್ತಪತ್ರಿಕೆ ಓದುವ ಅಭ್ಯಾಸವುಳ್ಳ ಯಾರಿಗೂ ‘ವೀಟೋ’ ಎಂಬ ಮಾತಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಭದ್ರತಾ ಮಂಡಳಿಯಲ್ಲಿ ಇಂಥ ರಾಷ್ಟ್ರ ವೀಟೋ ಚಲಾಯಿಸಿತು, ಇಂಥ ನಿರ್ಣಯ ಬಿದ್ದುಹೋಯಿತು ಎಂಬ ಸುದ್ದಿಯನ್ನು ಬೆಳಗಿನ ಕಾಫಿಯ ಜೊತೆಗೆ ಓದಿ ಓದಿ ಅದು ನಮಗೆ ಮನೆಯ ಮಾತೇ ಆಗಿಬಿಟ್ಟಿದೆ. ಮಗ ಸಿನಿಮಾಕ್ಕೆ ಹೊರಟರೆ ತಂದೆಯ ವೀಟೋ. ತಂದೆ ಹೊಸ ಬೀರು ಕೊಳ್ಳಹೊರಟರೆ ತಾಯಿಯ ವೀಟೋ. ತಾಯಿಯ ವೀಟೋವನ್ನು ಮೀರಿದ ತಂದೆಯನ್ನು ನಾನಂತೂ ನೋಡಿಲ್ಲ. ಇರಲಿ. ಇಷ್ಟು ಬಳಕೆಯ ಮಾತನ್ನು ನಾವೆಲ್ಲರೂ ನಾಮಪದವೆಂದೇ ತಿಳಿದು ಆಡುತ್ತೇವೆ. ಅಧಿಕಾರವೆಂದೋ ಅಸ್ತ್ರವೆಂದೋ ಭಾವಿಸಿ ಅದನ್ನು ‘ಚಲಾಯಿಸು’ತ್ತೇವೆ, ‘ಪ್ರಯೋಗಿಸು’ತ್ತೇವೆ. ಹುಟ್ಟಿನಲ್ಲಿ ಅದು ನಾಮಪದವಲ್ಲ. ಲ್ಯಾಟಿನ್ ಭಾಷೆಯ ಒಂದು ಕ್ರಿಯಾಪದ. ಅದೂ ಉತ್ತಮಪುರುಷ ಏಕವಚನ, ವರ್ತಮಾನಕಾಲ. ‘ನಾನು ತಡೆಯುತ್ತೇನೆ’, ‘ನಾನು ಕೂಡದೆನ್ನುತ್ತೇನೆ’ ಎಂದು ಅದರ ಅರ್ಥ. ಎರಡೇ ಅಕ್ಷರದಲ್ಲಿ ಕರ್ತೃವೂ ಉಂಟು, ಕ್ರಿಯೆಯೂ ಉಂಟು.

ಲ್ಯಾಟಿನ್ ನಿಘಂಟುಗಳಲ್ಲಿ ಕ್ರಿಯಾಪದಗಳನ್ನು ಈ ರೂಪದಲ್ಲಿಯೇ ಪಟ್ಟಿಮಾಡುವುದು ವಾಡಿಕೆ. ನಮ್ಮ ನಿಘಂಟು ತೆರೆದರೆ ‘ಮಾಡು’, ‘ಹೋಗು’ ಎಂಬ ಧಾತುಗಳು ಕಾಣುತ್ತವೆ. ಅಲ್ಲಿ ‘ನಾನು’ ಇಲ್ಲ. ಲ್ಯಾಟಿನ್ ನಿಘಂಟಿನಲ್ಲಿ ‘ಪ್ರೀತಿಸುತ್ತೇನೆ’, ‘ನಂಬುತ್ತೇನೆ’, ‘ತಡೆಯುತ್ತೇನೆ’ ಎಂದು ಪ್ರತಿಯೊಂದು ಕ್ರಿಯೆಯೂ ತನ್ನ ಒಡೆಯನನ್ನು ಬೆನ್ನಿಗೆ ಕಟ್ಟಿಕೊಂಡೇ ನಿಂತಿರುತ್ತದೆ. ವೆತೋ, ನಾನು ತಡೆಯುತ್ತೇನೆ. ವೆತಾಸ್, ನೀನು ತಡೆಯುತ್ತೀಯೆ. ವೆತತ್, ಅವನು ತಡೆಯುತ್ತಾನೆ. ರೋಮಿನವರ ಬಾಯಲ್ಲಿ ಮೊದಲ ಅಕ್ಷರ ಹ್ರಸ್ವ. ಎರಡನೆಯದು ನಮ್ಮ ತಕಾರಕ್ಕೆ ಹತ್ತಿರ. ‘ವೀಟೋ’ ಎಂಬ ದೀರ್ಘವೂ ಟಕಾರವೂ ಇಂಗ್ಲಿಷಿನವರ ಕೊಡುಗೆ. ನಮಗೆ ಅವರ ಮೂಲಕ ಬಂದದ್ದರಿಂದ ನಾವೂ ಹಾಗೆಯೇ ಆಡುತ್ತೇವೆ.

ಕನ್ನಡಿಗರಿಗೆ ಇಂಥ ಮಾತು ಅಪರಿಚಿತವಲ್ಲ. ‘ಒಲ್ಲೆ’ ಎನ್ನುತ್ತೇವೆ, ‘ಕಾಣೆ’ ಎನ್ನುತ್ತೇವೆ, ‘ಅರಿಯೆ’ ಎನ್ನುತ್ತೇವೆ. ‘ನಾನು’ ಎಂದು ಬೇರೆ ಹೇಳಬೇಕಾಗಿಲ್ಲ, ‘ಇಲ್ಲ’ ಎಂದು ಬಾಲ ಹಚ್ಚಬೇಕಾಗಿಲ್ಲ. ಕೊನೆಯ ಒಂದು ಎಕಾರದಲ್ಲಿ ಎಲ್ಲವೂ ಅಡಗಿದೆ. ಆದರೆ ‘ಒಲ್ಲೆ’ಗೂ ‘ವೆತೋ’ಗೂ ಒಂದು ದೊಡ್ಡ ಅಂತರವುಂಟು. ‘ಒಲ್ಲೆ’ ಎನ್ನುವವನು ತನ್ನ ಮಟ್ಟಿಗೆ ಬೇಡವೆನ್ನುತ್ತಾನೆ. ಬಡಿಸಿದ ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಾನೆ, ಅಷ್ಟೆ. ‘ವೆತೋ’ ಎನ್ನುವವನು ಪಂಕ್ತಿಗೇ ಬಡಿಸಕೂಡದೆನ್ನುತ್ತಾನೆ. ಇನ್ನು ನಮ್ಮ ‘ಕೂಡದು’, ‘ಸಲ್ಲದು’ ಎಂಬ ಮಾತುಗಳಲ್ಲಿ ತಡೆಯೇನೋ ಇದೆ, ತಡೆಯುವವನು ಇಲ್ಲ. ಯಾರಿಗೆ ಕೂಡದು? ಯಾರು ಹೇಳಿದರು? ಶಾಸ್ತ್ರವೋ, ಊರೋ, ದೊಡ್ಡವರೋ ತಿಳಿಯದು. ಲ್ಯಾಟಿನ್ ಕ್ರಿಯಾಪದದಲ್ಲಿ ಈ ನುಣುಚುವಿಕೆಗೆ ಎಡೆಯಿಲ್ಲ. ತಡೆಯುವವನು ತನ್ನ ಹೆಸರಿನಲ್ಲಿಯೇ ತಡೆಯಬೇಕು. ಈ ಪದದ ಎರಡೂವರೆ ಸಾವಿರ ವರ್ಷಗಳ ಕಥೆಯೆಲ್ಲ ಈ ‘ನಾನು’ ಎಂಬುದು ಯಾರು ಎಂಬ ಪ್ರಶ್ನೆಯ ಸುತ್ತಲೇ ಸುತ್ತುತ್ತದೆಂದು ನನಗೆ ತೋರುತ್ತದೆ.

ಮೂಲಧಾತು ಯಾವುದೆಂಬ ವಿಷಯದಲ್ಲಿ ಪಂಡಿತರಲ್ಲಿ ಒಮ್ಮತವಿಲ್ಲ. ಒಬ್ಬರು ಒಂದು ಊಹೆಯನ್ನು ಮುಂದಿಟ್ಟರೆ ಇನ್ನೊಬ್ಬರು ಅದಕ್ಕೆ ‘ವೆತೋ’ ಎನ್ನುತ್ತಾರೆ. ಹಳೆಯ ಲ್ಯಾಟಿನ್ನಿನಲ್ಲಿ ‘ವೊತೋ’ ಎಂಬ ರೂಪವೂ ಇತ್ತು. ಇದನ್ನು ಕಂಡು, ನಾವು ಚುನಾವಣೆಯಲ್ಲಿ ಹಾಕುವ ‘ವೋಟಿ’ಗೂ ಇದಕ್ಕೂ ನಂಟು ಕಟ್ಟಲು ಯಾರಿಗಾದರೂ ಮನಸ್ಸಾದರೆ ಆಶ್ಚರ್ಯವಿಲ್ಲ, ಆದರೆ ಆ ನಂಟು ನಿಜವಲ್ಲ. ‘ವೋಟು’ ಬಂದದ್ದು ‘ವೋತುಂ’ ಎಂಬ ಬೇರೊಂದು ಮಾತಿನಿಂದ. ಅದಕ್ಕೆ ಹರಕೆ ಎಂದು ಅರ್ಥ. ದೇವರಿಗೆ ಹೊತ್ತ ಹರಕೆ ಮನಸ್ಸಿನ ಇಷ್ಟವಾಗಿ, ಇಷ್ಟ ಮತವಾಗಿ, ಮತ ಇಂದಿನ ಮತಪೆಟ್ಟಿಗೆಗೆ ಬಂದು ಬಿತ್ತು. ಹೀಗೆ ‘ವೋಟು’ ದೇವಸ್ಥಾನದ ಮಾತು. ‘ವೀಟೋ’ ಚಾವಡಿಯ ಮಾತು.

ಚಾವಡಿಯ ಮಾತೆಂದು ಸುಮ್ಮನೆ ಹೇಳಲಿಲ್ಲ. ರೋಮಿನಲ್ಲಿ ‘ಪ್ರೀಟರ್’ ಎಂಬ ನ್ಯಾಯಾಧಿಕಾರಿಯಿದ್ದ. ಇಬ್ಬರು ಒಂದು ಹೊಲಕ್ಕಾಗಿಯೋ ಮನೆಗಾಗಿಯೋ ಜಗಳವಾಡಿ ಅವನ ಮುಂದೆ ಬಂದರೆ, ಒಡೆತನ ಯಾರದೆಂಬ ವಿಚಾರಣೆಗೆ ಮೊದಲು ಅವನು ಒಂದು ಆಜ್ಞೆಯನ್ನು ಹೊರಡಿಸುತ್ತಿದ್ದ: ಈಗ ಯಾರ ಸ್ವಾಧೀನದಲ್ಲಿದೆಯೋ ಅವರಲ್ಲಿಯೇ ಇರಲಿ, ‘ವಿಮ್ ಫಿಯೆರಿ ವೆತೋ’. ಬಲಾತ್ಕಾರ ನಡೆಯುವುದನ್ನು ನಾನು ತಡೆಯುತ್ತೇನೆ ಎಂದು ಇದರ ಅರ್ಥ. ಇಂದು ನಮ್ಮ ಮುನ್ಸೀಫ್ ಕೋರ್ಟುಗಳಲ್ಲಿ ತಡೆಯಾಜ್ಞೆಗಾಗಿ ಕಾದು ನಿಂತ ಕಕ್ಷಿದಾರ ಬೇಡುವುದೂ ಇದೇ ಜಾತಿಯ ಮಾತನ್ನು. ದೊಣ್ಣೆ ಎತ್ತಿದ ಕೈಗೂ ಬೀಳಲಿರುವ ತಲೆಗೂ ನಡುವೆ ಬಂದು ನಿಲ್ಲುವ ಮಾತು ಇದು.

ನಾವು ಇಂದು ವೀಟೋ ಎಂದು ಕರೆಯುವ ಅಧಿಕಾರದ ತವರು ಮಾತ್ರ ಪ್ರೀಟರನ ಪೀಠವಲ್ಲ, ಬಡವರ ಮುಷ್ಕರ. ರೋಮಿನ ಪರಂಪರೆಯ ಪ್ರಕಾರ ಕ್ರಿ. ಪೂ. 494ರಲ್ಲಿ ಸಾಲದ ಹೊರೆಯಿಂದಲೂ ಸಾಲಗಾರರನ್ನು ಸೆರೆಯಾಳಾಗಿಸುತ್ತಿದ್ದ ಕಟ್ಟಳೆಯಿಂದಲೂ ಬೇಸತ್ತ ಪ್ಲೀಬಿಯನ್ನರು, ಎಂದರೆ ಸಾಮಾನ್ಯ ಜನ, ಊರನ್ನೇ ಬಿಟ್ಟು ಹೊರಟು ‘ಪವಿತ್ರ ಗುಡ್ಡ’ವೆಂಬಲ್ಲಿ ಹೋಗಿ ಕುಳಿತರು. ಕಾದಲು ಸೈನಿಕರಿಲ್ಲ, ಉಳಲು ಆಳಿಲ್ಲ. ಕುಲೀನರಾದ ಪೆಟ್ರೀಷಿಯನ್ನರು ಸಂಧಿಗೆ ಬಂದರು. ಜನ ಗೆದ್ದುಕೊಂಡದ್ದು ಹಣವನ್ನಲ್ಲ, ಭೂಮಿಯನ್ನಲ್ಲ. ತಮ್ಮವರೇ ಆದ ಕೆಲವು ಅಧಿಕಾರಿಗಳನ್ನು. ಇವರಿಗೆ ‘ಟ್ರಿಬ್ಯೂನ್’ ಎಂದು ಹೆಸರು.

ಟ್ರಿಬ್ಯೂನನಿಗೆ ಸೈನ್ಯವಿರಲಿಲ್ಲ, ಬೊಕ್ಕಸವಿರಲಿಲ್ಲ. ಅವನಿಗಿದ್ದದ್ದು ಅಡ್ಡ ಬರುವ ಹಕ್ಕು ಮಾತ್ರ. ಕಾನ್ಸಲನ ಭಟರು ಒಬ್ಬ ಬಡವನನ್ನು ಎಳೆದೊಯ್ಯುತ್ತಿದ್ದರೆ ಟ್ರಿಬ್ಯೂನ್ ಹೋಗಿ ನಡುವೆ ನಿಲ್ಲುತ್ತಿದ್ದ. ಅವನನ್ನು ಮುಟ್ಟುವಂತಿರಲಿಲ್ಲ, ಮುಟ್ಟಿದವನ ಪ್ರಾಣ ತೆಗೆಯುವುದಾಗಿ ಇಡೀ ಜನಸಮುದಾಯ ಆಣೆಯಿಟ್ಟಿತ್ತು. ಈ ಅಧಿಕಾರಕ್ಕೆ ರೋಮಿನ ಕಾನೂನಿನ ಭಾಷೆಯಲ್ಲಿ ‘ಇಂತರ್ಕೆಸ್ಸಿಯೋ’ ಎಂದು ಹೆಸರು. ‘ನಡುವೆ ನಡೆದು ಬರುವುದು’ ಎಂದು ಅದರ ಶಬ್ದಾರ್ಥ. ನಮ್ಮ ‘ಅಡ್ಡ ಬರು’ ಎಂಬ ನುಡಿಗಟ್ಟು ಇದಕ್ಕೆ ಅಳೆದು ಹೊಲಿದ ಅಂಗಿಯಂತಿದೆ. ‘ವೆತೋ’ ಎಂಬುದು ಆ ಅಧಿಕಾರದ ಶಾಸ್ತ್ರೀಯ ಹೆಸರಲ್ಲ. ಬಾಯಿಂದ ಬೀಳುವ ಕೂಗು. ಇತಿಹಾಸಕಾರ ಲಿವಿ ಟ್ರಿಬ್ಯೂನರ ಕಥೆಯನ್ನು ಹೇಳುವಾಗ ಈ ಕೂಗನ್ನೇ ಅವರ ಗುರುತಾಗಿ ಹೇಳುತ್ತಾನೆ.

ಈ ಅಧಿಕಾರದೊಡನೆ ಬಂದ ಕಟ್ಟುಪಾಡುಗಳನ್ನು ಓದುಗರು ಗಮನಿಸಬೇಕು. ಟ್ರಿಬ್ಯೂನ್ ತಾನೇ ಸ್ಥಳಕ್ಕೆ ಬರಬೇಕು. ಚೀಟಿ ಬರೆದು ಕಳುಹಿಸಿದರೆ ಆಗದು. ರಾತ್ರಿಯಾಗಲಿ ಹಗಲಾಗಲಿ ಅವನ ಮನೆಯ ಬಾಗಿಲು ತೆರೆದೇ ಇರಬೇಕು. ಯಾರು ಯಾವ ಹೊತ್ತಿನಲ್ಲಿ ಮೊರೆಯಿಟ್ಟುಕೊಂಡು ಬಂದಾರೋ! ಅವನು ಊರ ಹೊರಗೆ ರಾತ್ರಿ ಕಳೆಯುವಂತಿರಲಿಲ್ಲ. ಅವನ ಅಧಿಕಾರ ನಡೆಯುತ್ತಿದ್ದದ್ದೂ ನಗರದಲ್ಲಿ ಮತ್ತು ಅದರಾಚೆ ಒಂದು ಮೈಲಿಕಲ್ಲಿನವರೆಗೆ ಮಾತ್ರ. ಮೊದಮೊದಲು ಸೆನೆಟ್ ಸಭೆಯ ಒಳಗೆ ಕೂಡ ಅವನಿಗೆ ಪ್ರವೇಶವಿರಲಿಲ್ಲ. ಬಾಗಿಲ ಹೊರಗೆ ಬೆಂಚು ಹಾಕಿಕೊಂಡು ಕುಳಿತು, ಒಳಗಿನಿಂದ ಬಂದ ನಿರ್ಣಯಗಳನ್ನು ಪರಿಶೀಲಿಸುತ್ತಿದ್ದ. ಹೀಗೆ ಮೊದಲ ವೀಟೋ ಒಂದು ದೇಹದ ಕೆಲಸ. ‘ನಾನು’ ಎನ್ನುವವನು ತನ್ನ ಮೈಯನ್ನೇ ತಂದು ನಿಲ್ಲಿಸಬೇಕಾಗಿತ್ತು. ಅಧಿಕಾರದಷ್ಟೇ ಅದು ಊಳಿಗವೂ ಆಗಿತ್ತು.

ಆದರೆ ಕತ್ತಿಗೆ ಒಡೆಯ ಯಾರೆಂಬ ಗೊಡವೆಯಿಲ್ಲ. ಪರಂಪರೆಯಂತೆ ಟ್ರಿಬ್ಯೂನರ ಸಂಖ್ಯೆ ಹತ್ತಕ್ಕೇರಿತು. ಹತ್ತು ಜನರಲ್ಲಿ ಒಬ್ಬ ಅಡ್ಡ ಬಂದರೂ ಉಳಿದ ಒಂಬತ್ತು ಜನರ ಕೆಲಸ ನಿಲ್ಲುತ್ತಿತ್ತು. ಹತ್ತು ಜನರನ್ನು ಎದುರಿಸುವುದಕ್ಕಿಂತ ಒಬ್ಬನನ್ನು ಒಲಿಸಿಕೊಳ್ಳುವುದು ಸುಲಭವೆಂಬುದನ್ನು ಸೆನೆಟ್ ಬೇಗ ಕಂಡುಕೊಂಡಿತು. ಲಿಸೀನಿಯಸ್ ಮತ್ತು ಸೆಕ್ಸ್ಟಿಯಸ್ ಎಂಬ ಇಬ್ಬರು ಟ್ರಿಬ್ಯೂನರು ಸಾಲ, ಭೂಮಿ, ಕಾನ್ಸಲ್ ಪದವಿಗಳ ವಿಷಯದಲ್ಲಿ ಜನರ ಪರವಾಗಿ ಮಸೂದೆಗಳನ್ನು ತಂದಾಗ ಅವರ ಜೊತೆಗಾರರೇ ತಡೆದರು. ಅವರಿಬ್ಬರೂ ಸುಮ್ಮನಿರಲಿಲ್ಲ, ‘ಈ ಕೂಗು ನಮಗೂ ಬರುತ್ತದೆ’ ಎಂಬಂತೆ ಮೇಲಧಿಕಾರಿಗಳ ಚುನಾವಣೆಗಳನ್ನೇ ವರ್ಷವರ್ಷವೂ ತಡೆದು ನಿಲ್ಲಿಸಿದರು. ಕೊನೆಗೆ ಕ್ರಿ. ಪೂ. 367ರಲ್ಲಿ ಅವರ ಮಸೂದೆಗಳು ಗೆದ್ದವು. ಪ್ಲೀಬಿಯನ್ನನೊಬ್ಬ ಕಾನ್ಸಲ್ ಆಗುವ ದಾರಿ ತೆರೆಯಿತು.

ಕ್ರಿ. ಪೂ. 133ರಲ್ಲಿ ನಡೆದ ಕಥೆ ಇಷ್ಟು ಸುಖಾಂತವಲ್ಲ. ಸರ್ಕಾರದ ಭೂಮಿಯನ್ನು ಮಿತಿಮೀರಿ ಹಿಡಿದಿದ್ದ ಸಿರಿವಂತರಿಂದ ಹೆಚ್ಚಿನದನ್ನು ಬಿಡಿಸಿ ಭೂಹೀನರಿಗೆ ಹಂಚಬೇಕೆಂದು ಟೈಬೀರಿಯಸ್ ಗ್ರಾಕಸ್ ಎಂಬ ಟ್ರಿಬ್ಯೂನ್ ಮಸೂದೆ ತಂದ. ಮಾರ್ಕಸ್ ಆಕ್ಟೇವಿಯಸ್ ಎಂಬ ಇನ್ನೊಬ್ಬ ಟ್ರಿಬ್ಯೂನ್ ಅಡ್ಡ ಬಂದ. ಜನರನ್ನು ಕಾಯಲು ಹುಟ್ಟಿದ ಮಾತು ಜನರ ಅನ್ನಕ್ಕೇ ಅಡ್ಡವಾಯಿತು. ಗ್ರಾಕಸ್ ಬೇಡಿಕೊಂಡ, ಆಕ್ಟೇವಿಯಸ್ ಜಗ್ಗಲಿಲ್ಲ. ಆಗ ಗ್ರಾಕಸ್ ಹಿಂದೆಂದೂ ಕೇಳರಿಯದ ಕೆಲಸ ಮಾಡಿದ. ಜನರ ಹಿತಕ್ಕೆ ವಿರುದ್ಧ ನಿಂತವನು ಜನರ ಟ್ರಿಬ್ಯೂನ್ ಹೇಗಾದಾನು ಎಂದು ಕೇಳಿ, ಅವನನ್ನು ಪದವಿಯಿಂದ ಇಳಿಸುವ ಪ್ರಶ್ನೆಯನ್ನು ಮತಕ್ಕೆ ಹಾಕಿದ. ಇದ್ದ 35 ಗಣಗಳಲ್ಲಿ 17 ಗಣಗಳ ಮತ ಬಿದ್ದು, ಇನ್ನೊಂದು ಬಿದ್ದರೆ ಮುಗಿಯಿತೆನ್ನುವ ಘಳಿಗೆಯಲ್ಲಿ ಅವನು ಮತದಾನವನ್ನು ನಿಲ್ಲಿಸಿ ಆಕ್ಟೇವಿಯಸ್‌ನನ್ನು ಅಪ್ಪಿಕೊಂಡು ಮತ್ತೊಮ್ಮೆ ಬೇಡಿದನೆಂದು ಪ್ಲೂಟಾರ್ಕ್ ಬರೆದಿದ್ದಾನೆ. ಆಕ್ಟೇವಿಯಸ್‌ನ ಕಣ್ಣು ತುಂಬಿತಂತೆ, ಸಿರಿವಂತರ ಗುಂಪಿನ ಕಡೆಗೆ ನೋಡಿದನಂತೆ, ಮಾತು ಬದಲಾಗಲಿಲ್ಲ. ಅವನು ಪದವಿ ಕಳೆದುಕೊಂಡ, ಮಸೂದೆ ಕಾನೂನಾಯಿತು. ಅದೇ ವರ್ಷ ಗ್ರಾಕಸ್‌ನನ್ನೂ ಅವನ ನೂರಾರು ಬೆಂಬಲಿಗರನ್ನೂ ಸೆನೆಟರುಗಳೂ ಅವರ ಕಡೆಯವರೂ ದೊಣ್ಣೆಗಳಿಂದ, ಮುರಿದ ಬೆಂಚುಗಳ ಕಾಲುಗಳಿಂದ ಬಡಿದು ಕೊಂದು ಟೈಬರ್ ನದಿಗೆಸೆದರು. ಯಾರ ಮೈಯನ್ನು ಮುಟ್ಟಲಾಗದೆಂದು ಆಣೆಯಿತ್ತೋ ಆ ಮೈಗೆ ಈ ಗತಿ.

ಗ್ರಾಕಸ್ ಮಾಡಿದ್ದು ಸರಿಯೇ? ಈ ಪ್ರಶ್ನೆಯನ್ನು ಇಂದಿಗೂ ಇತಿಹಾಸಕಾರರು ಬಿಟ್ಟಿಲ್ಲ. ಅವನು ಕೇಳಿದ್ದು ನ್ಯಾಯವಾದದ್ದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಬಹುಮತ ಬಂದಾಗಲೆಲ್ಲ ಅಡ್ಡ ಬರುವವನನ್ನು ತೆಗೆದುಹಾಕಬಹುದಾದರೆ ಅಡ್ಡ ಬರುವ ಹಕ್ಕಿಗೆ ಬೆಲೆಯೇನು? ತೆಗೆದುಹಾಕಲಾಗದಿದ್ದರೆ ಒಬ್ಬನ ಹಟಕ್ಕೆ ಲಕ್ಷ ಜನ ಹಸಿದಿರಬೇಕೆ? ವೀಟೋ ಎಂಬ ಮಾತು ಹೋದಲ್ಲೆಲ್ಲ ಈ ಎರಡು ಪ್ರಶ್ನೆಗಳೂ ಅವಳಿ ಮಕ್ಕಳಂತೆ ಅದರ ಬೆನ್ನ ಹಿಂದೆಯೇ ಹೋಗಿವೆ.

ರೋಮಿನ ಕಥೆಯ ಕೊನೆಯನ್ನು ಹೇಳಿ ಮುಂದೆ ಹೋಗುತ್ತೇನೆ. ಕ್ರಿ. ಪೂ. 49ರಲ್ಲಿ ತನ್ನ ಪರವಾಗಿ ಅಡ್ಡ ಬಂದ ಟ್ರಿಬ್ಯೂನರನ್ನು ಸೆನೆಟ್ ಬೆದರಿಸಿ ಓಡಿಸಿತೆಂದು, ಅವರ ಹಕ್ಕನ್ನು ಕಾಯಲು ಬಂದೆನೆಂದು ಜೂಲಿಯಸ್ ಸೀಸರ್ ರೂಬಿಕನ್ ಹೊಳೆಯನ್ನು ದಾಟಿದ. ಅವನು ಗೆದ್ದ ಮೇಲೆ ಟ್ರಿಬ್ಯೂನರ ಹಕ್ಕಿಗೆ ಉಳಿದದ್ದು ಅಷ್ಟಕ್ಕಷ್ಟೆ. ಕ್ರಿ. ಪೂ. 23ರಲ್ಲಿ ಚಕ್ರವರ್ತಿ ಅಗಸ್ಟಸ್ ಒಂದು ಜಾಣತನ ಮಾಡಿದ: ಟ್ರಿಬ್ಯೂನ್ ಪದವಿಯನ್ನು ಹೊರದೆ ಟ್ರಿಬ್ಯೂನನ ಅಧಿಕಾರವನ್ನು ಮಾತ್ರ ತಾನು ತೆಗೆದುಕೊಂಡ. ಸೆರೆಯಾಳಾಗಲಿದ್ದ ಸಾಲಗಾರನಿಗಾಗಿ ಹುಟ್ಟಿದ ‘ನಾನು’ ಈಗ ಚಕ್ರವರ್ತಿಯ ‘ನಾನು’ ಆಯಿತು. ಪದ ಅದೇ, ವಿಭಕ್ತಿ ಪ್ರತ್ಯಯ ಅದೇ. ಕರ್ತೃ ಮಾತ್ರ ಬೇರೆ.

ಇನ್ನು ಪೋಲೆಂಡಿನ ಕಥೆ. ಅಲ್ಲಿಯ ಲೋಕಸಭೆಗೆ ‘ಸೇಯ್ಮ್’ ಎಂದು ಹೆಸರು. ಅದರಲ್ಲಿ ಕುಳಿತ ಜಮೀನುದಾರ ಕುಲೀನರು ತಾವೆಲ್ಲರೂ ಸಮಾನರೆಂದು, ಆದ್ದರಿಂದ ಯಾವ ನಿರ್ಣಯಕ್ಕೂ ಸರ್ವಾನುಮತ ಬೇಕೆಂದು ನಂಬಿದ್ದರು. ಯಾವನೇ ಪ್ರತಿನಿಧಿ ಎದ್ದು ‘ನ್ಯೆ ಪೊಜ್ವಾಲಾಮ್’, ‘ನಾನು ಬಿಡೆ’, ಎಂದರೆ ಆ ಮಸೂದೆಯಷ್ಟೇ ಅಲ್ಲ, ಆ ಅಧಿವೇಶನದ ಕೆಲಸವೆಲ್ಲವೂ ಬಿದ್ದುಹೋಗುತ್ತಿತ್ತು. ಇದಕ್ಕೆ ಅವರಿಟ್ಟ ಲ್ಯಾಟಿನ್ ಹೆಸರು ‘ಲೀಬೆರುಂ ವೆತೋ’, ಸ್ವತಂತ್ರ ನಿಷೇಧ. 1652ರಲ್ಲಿ ಉಪಿತಾ ಎಂಬ ಸೀಮೆಯ ಪ್ರತಿನಿಧಿ ವ್ಲಾಡಿಸ್ಲಾವ್ ಶಿಚಿನ್‌ಸ್ಕಿ, ಅಧಿವೇಶನವನ್ನು ಮುಂದುವರಿಸಕೂಡದೆಂದು ಒಬ್ಬನೇ ಹೇಳಿ, ಹೇಳಿದ ಮೇಲೆ ಸಭೆಯನ್ನೇ ಬಿಟ್ಟು ಹೊರಟುಹೋದ. ಆ ಅಧಿವೇಶನ ನಿಷ್ಫಲವಾಯಿತು. ರೋಮಿನ ಟ್ರಿಬ್ಯೂನನಿಗೂ ಇವನಿಗೂ ಇರುವ ಅಂತರವನ್ನು ನೋಡಿ. ಅವನು ತಡೆದು ನಿಲ್ಲುತ್ತಿದ್ದ. ಇವನು ತಡೆದು ಹೊರಟ.

ಒಮ್ಮೆ ದಾರಿ ತೆರೆದ ಮೇಲೆ ನಡೆಯುವವರಿಗೆ ಬರವೆ? ಮೂರನೆಯ ಅಗಸ್ಟಸ್ ದೊರೆಯ 30 ವರ್ಷಗಳ ಆಳ್ವಿಕೆಯಲ್ಲಿ, 1733ರಿಂದ 1763ರವರೆಗೆ, ತನ್ನ ಕೆಲಸವನ್ನು ಪೂರೈಸಿದ್ದು 1736ರ ಒಂದೇ ಒಂದು ಸೇಯ್ಮ್. ತೆರಿಗೆಯಿಲ್ಲ, ಸೈನ್ಯದ ಸುಧಾರಣೆಯಿಲ್ಲ. ನೆರೆಯ ದೊರೆಗಳಿಗೆ ಇದಕ್ಕಿಂತ ಅಗ್ಗದ ಆಯುಧ ಬೇರೆ ಬೇಕಿರಲಿಲ್ಲ. ಒಬ್ಬ ಪ್ರತಿನಿಧಿಯ ಕೈ ಬೆಚ್ಚಗೆ ಮಾಡಿದರೆ ಇಡೀ ರಾಷ್ಟ್ರದ ಕೈ ಕಟ್ಟಿದಂತೆ. ಈ ‘ಸ್ವಾತಂತ್ರ್ಯ’ವನ್ನು ಪೋಲೆಂಡ್ ಎಂದಿಗೂ ಬಿಡಕೂಡದೆಂದು 1768ರಲ್ಲಿ ಹೊಣೆ ಹೊತ್ತು ನಿಂತವಳು ರಷ್ಯದ ಮಹಾರಾಣಿ ಕ್ಯಾಥರೀನ್! ಪರರು ನಮ್ಮ ಸ್ವಾತಂತ್ರ್ಯವನ್ನು ಅಷ್ಟು ಅಕ್ಕರೆಯಿಂದ ಕಾಯತೊಡಗಿದರೆ ಎಚ್ಚರದಿಂದಿರಬೇಕು. 1772ರಲ್ಲಿ ರಷ್ಯ, ಪ್ರಷ್ಯ, ಆಸ್ಟ್ರಿಯಗಳು ದೇಶದ ಒಂದು ಪಾಲನ್ನು ಹಂಚಿಕೊಂಡವು. ಎಚ್ಚೆತ್ತ ಪೋಲರು 1791ರ ಮೇ 3ರಂದು ಹೊಸ ಸಂವಿಧಾನ ಮಾಡಿ ಲೀಬೆರುಂ ವೆತೋವನ್ನು ತೆಗೆದುಹಾಕಿದರು. ಹೊತ್ತು ಮೀರಿತ್ತು. 1793ರಲ್ಲಿ ಎರಡನೆಯ ಪಾಲು, 1795ರಲ್ಲಿ ಮೂರನೆಯದು. 1918ರವರೆಗೆ ಭೂಪಟದಲ್ಲಿ ಪೋಲೆಂಡ್ ಎಂಬ ಸ್ವತಂತ್ರ ರಾಜ್ಯವಿರಲಿಲ್ಲ. ಒಂದು ದೇಶ ಅಳಿದದ್ದಕ್ಕೆ ಒಂದು ಕ್ರಿಯಾಪದವೇ ಕಾರಣವೆಂದರೆ ಅತಿಶಯೋಕ್ತಿಯಾದೀತು. ನೆರೆಯವರ ಬಲವೂ ಒಳಗಿನ ಒಡಕೂ ಕಾರಣಗಳೇ. ಆದರೆ ಮನೆಗೆ ಬೆಂಕಿ ಬಿದ್ದಾಗ ಬಾವಿಯ ಹಗ್ಗವನ್ನು ಕಡಿದದ್ದು ಈ ಮಾತೇ.

ರಾಜರ ಕೈಯಲ್ಲಿ ಈ ಮಾತು ಹೇಗಿತ್ತು? ಇಂಗ್ಲೆಂಡಿನ ಅರಸರು ಪಾರ್ಲಿಮೆಂಟಿನ ಮಸೂದೆಯನ್ನು ನಿರಾಕರಿಸುವಾಗ ‘ನಾನು ತಡೆಯುತ್ತೇನೆ’ ಎನ್ನುತ್ತಿರಲಿಲ್ಲ. ಹಳೆಯ ಫ್ರೆಂಚಿನಲ್ಲಿ ‘ರಾಣಿಯವರು ಆಲೋಚಿಸುವರು’ ಎಂದು ಗುಮಾಸ್ತ ಓದುತ್ತಿದ್ದ. ಹೀಗೆ ಕೊನೆಯ ಸಲ ಆಲೋಚಿಸಿದವಳು 1708ರಲ್ಲಿ ಆನ್ ರಾಣಿ. ಸ್ಕಾಟ್ಲೆಂಡಿನ ದಂಡಿಗೆ ಸಂಬಂಧಿಸಿದ ಮಸೂದೆ ಅದು. ಆಲೋಚನೆ ಇನ್ನೂ ಮುಗಿದಿಲ್ಲ! ರೋಮಿನ ಶಕುನಜ್ಞರೂ ಸಭೆಯನ್ನು ನಿಲ್ಲಿಸಬೇಕಾದರೆ ‘ಅಲಿಯೋ ದಿಯೇ’, ‘ಇನ್ನೊಂದು ದಿನ’ ಎನ್ನುತ್ತಿದ್ದರು. ನಮ್ಮಲ್ಲಿ ಹೆಣ್ಣು ನೋಡಿ ಹೋದವರು ‘ಊರಿಗೆ ಹೋಗಿ ಕಾಗದ ಬರೆಯುತ್ತೇವೆ’ ಎನ್ನುವುದೂ, ಕಚೇರಿಯ ಸಾಹೇಬರು ‘ನೋಡೋಣ’ ಎನ್ನುವುದೂ ಈ ಸಂಪ್ರದಾಯಕ್ಕೇ ಸೇರಿದವು. ಇವು ಸಭ್ಯವಾದ ಮಾತುಗಳೇ; ಆದರೆ ‘ನಾನು’ ಎಂಬುದು ಇಲ್ಲಿ ಮುಸುಕು ಹಾಕಿಕೊಂಡಿದೆ.

ಮುಸುಕು ತೆಗೆದ ದೊರೆಗೆ ಏನಾಯಿತೆಂಬುದನ್ನು ಫ್ರಾನ್ಸ್ ತೋರಿಸಿತು. 1791ರ ಸಂವಿಧಾನ ಹದಿನಾರನೆಯ ಲೂಯಿಗೆ ಕಾನೂನುಗಳನ್ನು ಕೆಲಕಾಲ ತಡೆಹಿಡಿಯುವ ಅಧಿಕಾರವನ್ನು ಉಳಿಸಿತ್ತು. ಅವನು ಅದನ್ನು ಬಳಸಿದ. ಪ್ಯಾರಿಸಿನ ಜನ ಅವನನ್ನು ‘ಶ್ರೀಮಾನ್ ವೀಟೋ’ ಎಂದೂ ರಾಣಿಯನ್ನು ‘ಶ್ರೀಮತಿ ವೀಟೋ’ ಎಂದೂ ಕರೆದರು. 1792ರ ಜೂನ್ 20ರಂದು ಜನಸ್ತೋಮ ಅರಮನೆಗೆ ನುಗ್ಗಿತು. ಆಗಸ್ಟ್ 10ರಂದು ಅರಸೊತ್ತಿಗೆ ಉರುಳಿತು. 1793ರ ಜನವರಿ 21ರಂದು ದೊರೆಯ ತಲೆ ಉರುಳಿತು.

ಅಮೆರಿಕದವರು ಇನ್ನೊಂದು ದಾರಿ ಹಿಡಿದರು. ಅವರ ಸಂವಿಧಾನದ ಆ ವಿಧಿಯಲ್ಲಿ ‘ವೀಟೋ’ ಎಂಬ ಪದವೇ ಇಲ್ಲ. ಅಧ್ಯಕ್ಷ ಮಸೂದೆಯನ್ನು ಒಪ್ಪದಿದ್ದರೆ ಭಾನುವಾರಗಳನ್ನು ಬಿಟ್ಟು ಹತ್ತು ದಿನಗಳೊಳಗೆ ತನ್ನ ಆಕ್ಷೇಪಣೆಗಳನ್ನು ಬರೆದು ಹಿಂದಿರುಗಿಸಬೇಕು; ಸಭೆ ಅವನ್ನು ತನ್ನ ದಾಖಲೆಯಲ್ಲಿ ಪೂರ್ತಿಯಾಗಿ ಬರೆದುಕೊಳ್ಳಬೇಕು; ಎರಡೂ ಸಭೆಗಳು ಮೂರರಲ್ಲಿ ಎರಡು ಪಾಲು ಮತದಿಂದ ಅದನ್ನು ಮೀರಬಹುದು. ಜಾರ್ಜ್ ವಾಷಿಂಗ್ಟನ್ 1792ರ ಏಪ್ರಿಲ್ 5ರಂದು ಮೊದಲ ಸಲ ಹೀಗೆ ಒಂದು ಮಸೂದೆಯನ್ನು ಹಿಂದಿರುಗಿಸಿದ. ಗ್ರಾಕಸ್‌ನನ್ನು ಕಾಡಿದ ಎರಡು ಪ್ರಶ್ನೆಗಳಿಗೂ ಇಲ್ಲಿ ಅರ್ಧರ್ಧ ಉತ್ತರವುಂಟು: ಅಡ್ಡ ಬರಬಹುದು, ಆದರೆ ಕಾರಣ ಹೇಳಬೇಕು, ಅಡ್ಡವನ್ನು ದಾಟಬಹುದು, ಆದರೆ ಸುಲಭವಾಗಿ ಅಲ್ಲ. ನಮ್ಮ ಸಂವಿಧಾನದ 111ನೆಯ ವಿಧಿಯಲ್ಲಿಯೂ ‘ವೀಟೋ’ ಎಂಬ ಮಾತಿಲ್ಲ. ರಾಷ್ಟ್ರಪತಿಗಳು ಒಮ್ಮೆ ಹಿಂದಿರುಗಿಸಿದ ಮಸೂದೆಯನ್ನು ಪಾರ್ಲಿಮೆಂಟು ಮತ್ತೆ ಅಂಗೀಕರಿಸಿದರೆ ಅವರು ಒಪ್ಪಿಗೆ ಕೊಡಲೇಬೇಕು. ಆದರೆ ಹಿಂದಿರುಗಿಸಲು ಇಷ್ಟೇ ದಿನವೆಂಬ ಗಡುವನ್ನು ಆ ವಿಧಿ ಹಾಕಿಲ್ಲ. 1986ರಲ್ಲಿ ಟಪಾಲನ್ನು ತಡೆದು ನೋಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಡುವ ಅಂಚೆ ಮಸೂದೆ ತಮ್ಮ ಮುಂದೆ ಬಂದಾಗ ಜೈಲ್ ಸಿಂಗರು ಸಹಿಯನ್ನೂ ಹಾಕಲಿಲ್ಲ, ಹಿಂದಕ್ಕೂ ಕಳುಹಿಸಲಿಲ್ಲ. ಅದು ಕಾನೂನಾಗಲೇ ಇಲ್ಲ. ಪ್ರಜೆಗಳ ಕಾಗದಪತ್ರಗಳನ್ನು ಕಾಪಾಡಿದ ಮೌನವೆಂದು ಅದನ್ನು ಮೆಚ್ಚಬಹುದು. ಕಾರಣ ಹೇಳದ ಮೌನ ಎಲ್ಲ ಕಾಲದಲ್ಲಿಯೂ ಇಷ್ಟೇ ಒಳ್ಳೆಯದನ್ನು ಮಾಡೀತೆಂದು ಹೇಳುವಂತಿಲ್ಲ.

ಕೊನೆಯದಾಗಿ ವಿಶ್ವಸಂಸ್ಥೆ. ಇದರ ಸನ್ನದಿನಲ್ಲಿಯೂ ‘ವೀಟೋ’ ಎಂಬ ಪದವಿಲ್ಲ. ಭದ್ರತಾ ಮಂಡಳಿಯ ಮಹತ್ವದ ನಿರ್ಣಯಗಳಿಗೆ ಐದು ಕಾಯಂ ಸದಸ್ಯರ ಸಮ್ಮತಿಯ ಮತ ಸೇರಿರಬೇಕೆಂದು 27ನೆಯ ವಿಧಿ ಹೇಳುತ್ತದೆ, ಅಷ್ಟೆ. 1945ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಸಣ್ಣ ರಾಷ್ಟ್ರಗಳು ಇದನ್ನು ಬಲವಾಗಿ ವಿರೋಧಿಸಿದವು. ದೊಡ್ಡವರು ಮಣಿಯಲಿಲ್ಲ. ಅಲ್ಲಿ ಭಾರತದ ನಿಯೋಗದ ನಾಯಕರಾಗಿದ್ದವರು ಮರುವರ್ಷ ಮೈಸೂರಿನ ದಿವಾನರಾದ ಸರ್ ಎ. ರಾಮಸ್ವಾಮಿ ಮೊದಲಿಯಾರರು.

ಟ್ರಿಬ್ಯೂನನ ಹಳೆಯ ಕಟ್ಟುಪಾಡು, ತಾನೇ ಬಂದು ನಿಂತು ತಡೆಯಬೇಕೆಂಬುದು, ಒಂದು ಸಲ ಈ ಮಂಡಳಿಯಲ್ಲಿ ವಿಚಿತ್ರವಾಗಿ ನೆನಪಿಗೆ ಬಂತು. 1950ರ ಜನವರಿಯಿಂದ ಸೋವಿಯತ್ ಪ್ರತಿನಿಧಿ, ಹೊಸ ಚೀನಕ್ಕೆ ಸ್ಥಾನ ಕೊಡಲಿಲ್ಲವೆಂದು ಮುನಿದು, ಸಭೆಗೆ ಬರುತ್ತಿರಲಿಲ್ಲ. ಜೂನ್ 25ರಂದು ಕೊರಿಯದಲ್ಲಿ ಯುದ್ಧ ಆರಂಭವಾಯಿತು. ಆ ತಿಂಗಳು ಮಂಡಳಿಯ ಅಧ್ಯಕ್ಷಪೀಠದಲ್ಲಿದ್ದವರು ಭಾರತದ ಪ್ರತಿನಿಧಿ, ಮಂಗಳೂರಿನಲ್ಲಿ ಹುಟ್ಟಿದ ಬೆನೆಗಲ್ ನರಸಿಂಗ ರಾಯರು. ನಮ್ಮ ಸಂವಿಧಾನದ ರಚನೆಯಲ್ಲಿ ಸಲಹೆಗಾರರಾಗಿದ್ದ ಮಹನೀಯರು. ಉತ್ತರ ಕೊರಿಯದ ಆಕ್ರಮಣವನ್ನು ಖಂಡಿಸಿದ ನಿರ್ಣಯವೂ, ಎರಡು ದಿನಗಳ ಮೇಲೆ ದಕ್ಷಿಣ ಕೊರಿಯಕ್ಕೆ ನೆರವು ನೀಡಬೇಕೆಂಬ ನಿರ್ಣಯವೂ ಅಂಗೀಕಾರವಾದವು. ತಡೆಯಬಲ್ಲವನ ಕುರ್ಚಿ ಬರಿದಾಗಿತ್ತು. ಕುರ್ಚಿಗೆ ಮಾತು ಬರುವುದಿಲ್ಲ. ಆಗಸ್ಟ್ 1ರಂದು ಸೋವಿಯತ್ ಪ್ರತಿನಿಧಿ ಹಿಂದಿರುಗಿದ. ಮತ್ತೆ ಆ ತಪ್ಪನ್ನು ಅವರು ಮಾಡಲಿಲ್ಲ.

ಭಾರತೀಯರಾದ ನಾವು ಈ ವಿಷಯವನ್ನು ದೂರ ನಿಂತು ನೋಡುವಂತಿಲ್ಲ. 1957ರಲ್ಲಿಯೂ 1962ರಲ್ಲಿಯೂ ಕಾಶ್ಮೀರದ ನಿರ್ಣಯಗಳನ್ನು ಸೋವಿಯತ್ ವೀಟೋ ತಡೆಯಿತು. 1961ರ ಡಿಸೆಂಬರಿನಲ್ಲಿ ನಮ್ಮ ಸೈನ್ಯ ಗೋವೆಗೆ ಹೋದಾಗ ಕದನವಿರಾಮವನ್ನೂ ಸೈನ್ಯದ ವಾಪಸಾತಿಯನ್ನೂ ಕೇಳಿದ ನಿರ್ಣಯಕ್ಕೆ ಏಳು ಮತಗಳು ಬಂದರೂ ಅದೇ ವೀಟೋ ಅದನ್ನು ಬೀಳಿಸಿತು. 1971ರ ಡಿಸೆಂಬರ್ 4, 5 ಮತ್ತು 13ರಂದು ಮೂರು ಸಲ ಅದು ನಮ್ಮ ಪರವಾಗಿ ಬಂತು. 16ರಂದು ಢಾಕಾದಲ್ಲಿ ಪಾಕಿಸ್ತಾನದ ಸೈನ್ಯ ಶರಣಾಯಿತು. ನಾವು ಇದನ್ನು ಸಂತೋಷದಿಂದ ಸ್ಮರಿಸುತ್ತೇವೆ. ಸ್ಮರಿಸಬೇಕಾದದ್ದೂ ನ್ಯಾಯವೇ, ಏಕೆಂದರೆ ಅತ್ತ ಪೂರ್ವ ಬಂಗಾಳದಲ್ಲಿ ಹರಿಯುತ್ತಿದ್ದದ್ದು ನೀರಲ್ಲ. ಆದರೆ ಅದೇ ಡಿಸೆಂಬರ್ 7ರಂದು ಯಾರ ವೀಟೋವೂ ನಡೆಯದ ಮಹಾಸಭೆಯಲ್ಲಿ ಕದನವಿರಾಮದ ಪರ 104 ಮತಗಳೂ ವಿರುದ್ಧ 11 ಮತಗಳೂ ಬಿದ್ದವೆಂಬುದನ್ನೂ ನೆನೆಯಬೇಕು. 1970ರ ಮಾರ್ಚ್ 17ರವರೆಗೆ ಒಮ್ಮೆಯೂ ವೀಟೋ ಚಲಾಯಿಸದಿದ್ದ ಅಮೆರಿಕ ಅನಂತರ ಇಸ್ರೇಲಿನ ಪರವಾಗಿ ಎಷ್ಟೋ ಸಲ ಚಲಾಯಿಸಿದೆ. 2022ರ ಫೆಬ್ರವರಿಯಲ್ಲಿ ತಾನೇ ಯುಕ್ರೇನಿಗೆ ಸೈನ್ಯ ನುಗ್ಗಿಸಿದ ರಷ್ಯ, ಅದನ್ನು ಖಂಡಿಸುವ ನಿರ್ಣಯವನ್ನು ತಾನೇ ತಡೆಯಿತು. ಇಲ್ಲಿಗೆ ಪ್ರೀಟರನ ಮಾತು ಪೂರ್ತಿ ತಲೆಕೆಳಗಾಯಿತು. ‘ಬಲಾತ್ಕಾರವನ್ನು ತಡೆಯುತ್ತೇನೆ’ ಎಂಬುದು ‘ಬಲಾತ್ಕಾರವನ್ನು ತಡೆಯುವುದನ್ನು ತಡೆಯುತ್ತೇನೆ’ ಎಂದಾಯಿತು.

ನಮ್ಮ ಕಡೆಗೆ ಬಂದ ವೀಟೋ ಧರ್ಮ, ಎದುರು ಕಡೆಗೆ ಹೋದ ವೀಟೋ ಅಧರ್ಮ ಎಂಬ ನ್ಯಾಯ ಸುಲಭವಾದದ್ದು. ಆದರೆ ಅದು ನ್ಯಾಯವಲ್ಲ. ಹಾಗೆಂದು ಈ ಮಾತನ್ನೇ ಜಗತ್ತಿನಿಂದ ಅಳಿಸಿಬಿಡಬೇಕೆನ್ನುವುದಕ್ಕೂ ನನಗೆ ಧೈರ್ಯವಿಲ್ಲ. ಎಲ್ಲರೂ ಹೌದೆನ್ನುವಾಗ ಒಬ್ಬ ಎದ್ದು ಅಲ್ಲವೆನ್ನಲು ಎಡೆಯಿಲ್ಲದ ಸಭೆ ಸಭೆಯಾಗಿ ಉಳಿಯದು. ಕೇಳಬೇಕಾದದ್ದು ಬೇರೆ: ತಡೆಯುವವನು ಯಾರನ್ನು ಕಾಯಲು ನಡುವೆ ಬಂದ? ಬಂದುದಕ್ಕೆ ಕಾರಣ ಹೇಳುತ್ತಾನೆಯೇ? ಹೇಳಿದ ಮೇಲೆ ನಿಲ್ಲುತ್ತಾನೆಯೇ, ಶಿಚಿನ್‌ಸ್ಕಿಯಂತೆ ಹೊರಟುಹೋಗುತ್ತಾನೆಯೇ? 2022ರ ಏಪ್ರಿಲ್ 26ರಂದು ಮಹಾಸಭೆ ಒಂದು ಸಣ್ಣ ನಿಯಮ ಮಾಡಿತು. ಭದ್ರತಾ ಮಂಡಳಿಯಲ್ಲಿ ಯಾರಾದರೂ ವೀಟೋ ಚಲಾಯಿಸಿದರೆ ಕೆಲಸದ ಹತ್ತು ದಿನಗಳೊಳಗೆ ಮಹಾಸಭೆ ಸೇರಿ ಅದನ್ನು ಚರ್ಚಿಸಬೇಕು. ತಡೆಯನ್ನು ಇದು ಮುರಿಯಲಾರದು. ತಡೆದವನು ಅಲ್ಲಿ ಬಾಯಿ ಬಿಡಲೇಬೇಕೆಂದೂ ಇಲ್ಲ. ಆದರೂ ಎಲ್ಲ ರಾಷ್ಟ್ರಗಳ ಮುಂದೆ ‘ತಡೆದದ್ದು ಯಾರು, ಏಕೆ’ ಎಂಬ ಪ್ರಶ್ನೆ ಎದ್ದು ನಿಲ್ಲುತ್ತದೆ. ಬಾಗಿಲು ಮುಚ್ಚದೆ ಮಲಗುತ್ತಿದ್ದ ಆ ಹಳೆಯ ಟ್ರಿಬ್ಯೂನನಿಗೆ ಇದು ಬಹಳ ಕಡಮೆಯೆಂದು ತೋರೀತು. ನಾಮಪದವಾಗಿಬಿಟ್ಟಿದ್ದ ಮಾತಿಗೆ ಅದರ ‘ನಾನು’ ಸ್ವಲ್ಪಮಟ್ಟಿಗಾದರೂ ಹಿಂದಿರುಗಿತಲ್ಲ ಎಂದು ನನಗೆ ಸಮಾಧಾನ.